ತಂಗಿಯ ಮಗನಿಗೆ ಜ್ವಾಲಾಮುಖಿಯ ಎದುರಿನ ಊರಿನಲ್ಲಿ ಕೆಲಸ: ರಬೌಲ್, ಕೊಕೊಪೊ ಬಲ್ಲವರು ದಯವಿಟ್ಟು ತಿಳಿಸಿ

ಪ್ರಶ್ನೆ
ಬರೆದವರು: ಮಂಡ್ಯದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಮದ್ದೂರಿನಲ್ಲಿರುವ ನನ್ನ ತಂಗಿಯ ಮಗನಿಗೆ ಪಪುವಾ ನ್ಯೂ ಗಿನಿ ದೇಶದ ನ್ಯೂ ಬ್ರಿಟನ್ ದ್ವೀಪದಲ್ಲಿ, ಕೊಕೊಪೊ ಎಂಬ ಊರಿನ ಸಗಟು ವ್ಯಾಪಾರದ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರ ವಿಭಾಗದ ಕೆಲಸ ಸಿಕ್ಕಿದೆ. ಸಂಬಳ ಚೆನ್ನಾಗಿದೆ, ವಾಸಕ್ಕೆ ಮನೆಯನ್ನೂ ಅವರೇ ಕೊಡುತ್ತಾರಂತೆ, ವೀಸಾ ಕಾಗದಗಳು ತಯಾರಾಗುತ್ತಿವೆ. ಇಷ್ಟರಲ್ಲಿ ನೆಂಟರೊಬ್ಬರು ತಂಗಿಯ ಫೋನಿಗೆ ಒಂದು ವಿಡಿಯೊ ಕಳುಹಿಸಿ ಮನೆಯ ನೆಮ್ಮದಿಯನ್ನೇ ಕೆಡಿಸಿದ್ದಾರೆ. ದೋಣಿಯೊಂದರಿಂದ ತೆಗೆದ ಆ ವಿಡಿಯೊದಲ್ಲಿ ಕಡಲಂಚಿನ ಗುಡ್ಡದ ನೆತ್ತಿ ಸದ್ದಿಲ್ಲದೆ ಸಿಡಿದು ಕಪ್ಪು ಹೊಗೆ ಮೇಲೇಳುತ್ತದೆ. ಮೇಲಿನ ಮೋಡಗಳು ಒಮ್ಮೆ ಚದುರಿದಂತಾಗುತ್ತವೆ. ಕೆಲವು ಕ್ಷಣಗಳು ಕಳೆದ ಮೇಲೆ ದೋಣಿಯಲ್ಲಿದ್ದವರೆಲ್ಲ ಬೆಚ್ಚಿಬೀಳುವಂಥ ಸದ್ದು ಬರುತ್ತದೆ. ಅದು ಟಾವುರ್ವುರ್ ಎಂಬ ಜ್ವಾಲಾಮುಖಿಯೆಂದೂ, ಅಳಿಯ ಹೋಗಲಿರುವ ಊರು ಅದೇ ಕೊಲ್ಲಿಯ ಇನ್ನೊಂದು ದಡದಲ್ಲಿದೆಯೆಂದೂ ತಿಳಿದಾಗಿನಿಂದ ತಂಗಿ ಸರಿಯಾಗಿ ಊಟ ಮಾಡುತ್ತಿಲ್ಲ.

ನಾನು ಗಣಿತ ಹೇಳಿಕೊಟ್ಟವನು. ಭೂವಿಜ್ಞಾನದಲ್ಲಿ ನನ್ನ ಓದು ಪಠ್ಯಪುಸ್ತಕದಿಂದ ಆಚೆಗೆ ಹೋಗಿಲ್ಲ. ರಬೌಲ್ ಎಂಬ ಪಟ್ಟಣ 1994ರಲ್ಲಿ ಬೂದಿಯಲ್ಲಿ ಮುಚ್ಚಿಹೋಯಿತು, ಆಮೇಲೆ ಜಿಲ್ಲಾ ಕೇಂದ್ರವಿದ್ದಂತೆ ಇದ್ದ ಆಡಳಿತವೆಲ್ಲ ಕೊಕೊಪೊಗೆ ಬಂತು ಎಂಬಷ್ಟನ್ನು ಓದಿಕೊಂಡಿದ್ದೇನೆ. ಹುಡುಗನನ್ನು ಕಳುಹಿಸುವುದೋ ಬೇಡವೋ ಎಂಬುದನ್ನು ಮನೆಯವರು ತೀರ್ಮಾನಿಸುತ್ತಾರೆ. ನನಗೆ ಬೇಕಾಗಿರುವುದು ಇಷ್ಟು: ಇಂಥ ಜ್ವಾಲಾಮುಖಿಯ ಎದುರಿಗೆ ಬಾಳುವವರು ನಿಜಕ್ಕೂ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ? ತಿಳಿದವರು ಸ್ವಲ್ಪ ಬಿಡಿಸಿ ಬರೆದರೆ ತಂಗಿಗೆ ಓದಿ ಹೇಳುತ್ತೇನೆ.

ಉತ್ತರ
ಬರೆದವರು: ಕಲ್ಲು ಮಣ್ಣು, ಮೈಸೂರು

ಮೇಷ್ಟ್ರಿಗೆ ನಮಸ್ಕಾರ. ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡಿ ನಿವೃತ್ತನಾದವನು ನಾನು. ಮೊದಲು ಆ ವಿಡಿಯೊದ ವಿಚಾರವನ್ನೇ ತೆಗೆದುಕೊಳ್ಳೋಣ, ಏಕೆಂದರೆ ಹೆದರಿಕೆ ಅಲ್ಲಿಂದಲೇ ಹುಟ್ಟಿದೆ. ಅದು 2014ರ ಆಗಸ್ಟ್ 29ರ ಸ್ಫೋಟ. ಸಿಡಿದದ್ದು ಕಣ್ಣಿಗೆ ಬಿದ್ದ ಮೇಲೆ ಸದ್ದು ಕೇಳಿಸಲು ಹನ್ನೆರಡು ಹದಿಮೂರು ಸೆಕೆಂಡು ಹಿಡಿಯುತ್ತದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ ಎಂಬ ಲೆಕ್ಕ ತಮಗೆ ಹೇಳಬೇಕಾಗಿಲ್ಲ. ದೋಣಿ ಸುಮಾರು ನಾಲ್ಕು ಕಿಲೋಮೀಟರಿಗಿಂತ ತುಸು ದೂರದಲ್ಲಿತ್ತು. ಅಷ್ಟು ಹತ್ತಿರವಿದ್ದರೂ ಅವರಿಗೆ ತಟ್ಟಿದ್ದು ಸದ್ದು ಮತ್ತು ಗಾಳಿಯ ಒತ್ತಡ ಮಾತ್ರ. ಕೊಕೊಪೊ ಅದಕ್ಕಿಂತ ಎಷ್ಟೋ ದೂರದಲ್ಲಿದೆ. ರಬೌಲಿನಿಂದ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರಿನ ಆಸುಪಾಸು.

ಈಗ ಆ ಜಾಗದ ರಚನೆ. ಅಲ್ಲಿ ಜನರಿಗೆ ಕಾಣುವ ಟಾವುರ್ವುರ್ ಗುಡ್ಡ ಸಮುದ್ರಮಟ್ಟದಿಂದ 220 ಮೀಟರ್ ಚಿಲ್ಲರೆ ಇದೆ, ಅಷ್ಟೆ. ಮೈಸೂರು ನಗರದಿಂದ ನಮ್ಮ ಚಾಮುಂಡಿ ಬೆಟ್ಟ ಏಳುವ ಎತ್ತರವೂ ಅದಕ್ಕಿಲ್ಲ. ನಿಜವಾದ ಜ್ವಾಲಾಮುಖಿ ಆ ಗುಡ್ಡವಲ್ಲ, ಅದು ನಿಂತಿರುವ ಕೊಲ್ಲಿ. ಸುಮಾರು 1,400 ವರ್ಷಗಳ ಹಿಂದೆ ಒಂದು ಮಹಾಸ್ಫೋಟದಲ್ಲಿ ನೆಲದಡಿಯ ಶಿಲಾರಸ ಖಾಲಿಯಾಗಿ, ಮೇಲಿನ ನೆಲ ಕುಸಿದು, ಪೂರ್ವದ ಅಂಚು ಒಡೆದು ಸಮುದ್ರ ಒಳನುಗ್ಗಿತು. ಸುಮಾರು 14 ಕಿಲೋಮೀಟರ್ ಉದ್ದ, 8 ಕಿಲೋಮೀಟರ್ ಅಗಲದ ಆ ಕುಸಿತವನ್ನೇ ಕಾಲ್ಡೆರಾ ಎನ್ನುತ್ತಾರೆ. ಹಡಗುಗಳಿಗೆ ಇಷ್ಟು ಒಳ್ಳೆಯ ಆಶ್ರಯ ಸಿಗುವುದು ಅಪರೂಪವಾದ್ದರಿಂದ 1910ರಲ್ಲಿ ಜರ್ಮನರು ಅಲ್ಲಿಯೇ ತಮ್ಮ ವಸಾಹತಿನ ರಾಜಧಾನಿ ಮಾಡಿಕೊಂಡರು. ಬಂದರು ಚೆನ್ನಾಗಿರುವುದಕ್ಕೂ ಊರು ಅಪಾಯದಲ್ಲಿರುವುದಕ್ಕೂ ಕಾರಣ ಒಂದೇ.

ಟಾವುರ್ವುರ್ ಕೊಲ್ಲಿಯ ಪೂರ್ವದಲ್ಲಿದೆ. ಎದುರಿನ ಪಶ್ಚಿಮ ದಡದಲ್ಲಿ ವಲ್ಕನ್ ಎಂಬ ಇನ್ನೊಂದು ಬಾಯಿ ಇದೆ. ಈ ವಲ್ಕನ್ 1878ರಲ್ಲಿ ಸಮುದ್ರದಿಂದ ದ್ವೀಪವಾಗಿ ಎದ್ದದ್ದು. 1937ರ ಸ್ಫೋಟದಲ್ಲಿ ಸುರಿದ ಬೂದಿ ಅದನ್ನು ದಡಕ್ಕೆ ಸೇರಿಸಿಬಿಟ್ಟಿತು. ಆ ವರ್ಷ ಮೇ ತಿಂಗಳ ಕೊನೆಯಲ್ಲಿ ಮೊದಲು ವಲ್ಕನ್, ಮರುದಿನ ಟಾವುರ್ವುರ್ ಸಿಡಿದು 507 ಜನ ಸತ್ತರು. ಅದೇ ಎರಡು ಬಾಯಿಗಳು 1994ರ ಸೆಪ್ಟೆಂಬರ್ 19ರ ಬೆಳಗ್ಗೆ ಆರು ಗಂಟೆ ದಾಟುತ್ತಿದ್ದಂತೆ ಒಂದು, ಏಳೂಕಾಲರ ಹೊತ್ತಿಗೆ ಇನ್ನೊಂದು ತೆರೆದುಕೊಂಡವು. ಎರಡರ ಬೇರೂ ಕೊಲ್ಲಿಯ ತಳದಲ್ಲಿ ಕೆಲವೇ ಕಿಲೋಮೀಟರ್ ಆಳದಲ್ಲಿರುವ ಒಂದೇ ಶಿಲಾರಸದ ಸಂಗ್ರಹಕ್ಕೆ ಹೋಗುತ್ತದೆ. ಆಳದಿಂದ ಬಿಸಿಯಾದ ಹೊಸ ರಸ ಬಂದು ಮೇಲಿರುವ ಅಂಟಂಟಾದ ಹಳೆಯ ರಸಕ್ಕೆ ಬೆರೆತಾಗ ಒತ್ತಡ ಏರುತ್ತದೆ, ಕುಸಿತದ ಅಂಚಿನ ಬಿರುಕುಗಳಲ್ಲಿ ದಾರಿ ಹುಡುಕಿಕೊಳ್ಳುತ್ತದೆ. ಈ ರಸವೆಲ್ಲ ಹುಟ್ಟುವುದು ದ್ವೀಪದ ದಕ್ಷಿಣಕ್ಕಿರುವ ನ್ಯೂ ಬ್ರಿಟನ್ ಕಂದಕದಲ್ಲಿ ಸಾಗರದ ತಳ ಒಳಕ್ಕೆ ಜಾರುವುದರಿಂದ.

1994ರಲ್ಲಿ ಪಟ್ಟಣದ ಬಹುಭಾಗ ಹಾಳಾಯಿತು. ಆದರೆ ಸತ್ತವರು ಐವರು. ಅವರಲ್ಲೂ ಹೆಚ್ಚಿನವರು ಬೂದಿಯ ಭಾರಕ್ಕೆ ಕುಸಿದ ಸೂರಿನ ಕೆಳಗೆ ಸಿಕ್ಕವರು, ಒಬ್ಬರಿಗೆ ಬೂದಿಮೋಡದ ಸಿಡಿಲು ಬಡಿಯಿತು. ಐನೂರು ಚಿಲ್ಲರೆಯಿಂದ ಐದಕ್ಕೆ ಇಳಿದ ಈ ಲೆಕ್ಕವೇ ತಮ್ಮ ಪ್ರಶ್ನೆಗೆ ಅರ್ಧ ಉತ್ತರ. ಬೆಟ್ಟವೇನೂ ಸಾಧುವಾಗಿರಲಿಲ್ಲ, ಜನ ಅಲ್ಲಿರಲಿಲ್ಲ.

ಇನ್ನು ಬೂದಿ. ನಮ್ಮ ಕಡೆ ಆಲೆಮನೆಯ ಒಲೆಯಿಂದ ಹಾರುವ ಬೂದಿಯಂತೆ ಇದು ಹಗುರವಾಗಿರಬಹುದೆಂದು ಯಾರೂ ಭಾವಿಸಬಾರದು. ಇದು ಸುಟ್ಟುಳಿದದ್ದಲ್ಲ, ಒಡೆದು ಪುಡಿಯಾದ ಗಾಜು ಮತ್ತು ಕಲ್ಲು. ನೀರಿನಲ್ಲಿ ಕರಗುವುದಿಲ್ಲ. ಒಂದು ಚದರ ಮೀಟರ್ ಚಾವಣಿಯ ಮೇಲೆ ಹತ್ತು ಸೆಂಟಿಮೀಟರ್ ಒಣ ಬೂದಿ ಕೂತರೆ ಐವತ್ತು ಅರವತ್ತು ಕಿಲೋ ತೂಗಬಹುದು. ಮಳೆ ಬಂದು ನೆನೆಯಿತೆಂದರೆ ಅದು ಒಂದು ಕ್ವಿಂಟಲ್ ದಾಟುತ್ತದೆ, ಎರಡನ್ನು ಮುಟ್ಟಿದರೂ ಆಶ್ಚರ್ಯವಿಲ್ಲ. ತಗಡಿನ ಸೂರಿನ ಮರದ ತೊಲೆಗಳು ಅಷ್ಟನ್ನು ಹೊರುವುದಿಲ್ಲ.

ಕೆಂಪಗೆ ಹರಿದುಬರುವ ಲಾವಾ ನದಿಯ ಚಿತ್ರ ತಂಗಿಯವರ ಮನಸ್ಸಿನಲ್ಲಿದ್ದರೆ ಅದನ್ನು ತೆಗೆದುಹಾಕಲು ಹೇಳಿ. ಅದು ಹವಾಯಿಯ ಕಥೆ. ಇಲ್ಲಿಯ ಶಿಲಾರಸ ಮಂದ. ಹರಿಯುವುದಕ್ಕಿಂತ ಸಿಡಿಯುವುದೇ ಹೆಚ್ಚು.

ಉತ್ತರ
ಬರೆದವರು: ದ್ವೀಪದಿಂದ ಮರಳಿದವನು, ವಿಜಯನಗರ, ಮೈಸೂರು

ಮೇಷ್ಟ್ರೇ, ನಾನು ಕೆಲವು ವರ್ಷ ಕೊಕೊಪೊದಲ್ಲಿದ್ದು ಬಂದವನು, ಬಹುಮಟ್ಟಿಗೆ ತಮ್ಮ ಅಳಿಯನಂಥದೇ ಕೆಲಸದಲ್ಲಿ. ಮೇಲಿನ ಉತ್ತರದಲ್ಲಿ ವಿಜ್ಞಾನವೆಲ್ಲ ಬಂದಿರುವುದರಿಂದ ನಾನು ದಿನನಿತ್ಯದ ಬದುಕನ್ನು ಹೇಳುತ್ತೇನೆ.

ಕೊಕೊಪೊದಲ್ಲಿ ಇರುವವನು ಮೊದಲು ಕಲಿಯಬೇಕಾದದ್ದು ಗಾಳಿಯ ದಿಕ್ಕನ್ನು. ಮೇ ತಿಂಗಳಿನಿಂದ ಅಕ್ಟೋಬರಿನ ತನಕ ಆಗ್ನೇಯದಿಂದ ಗಾಳಿ ಬೀಸುತ್ತದೆ. ಆ ಕಾಲದಲ್ಲಿ ಟಾವುರ್ವುರ್ ಕೆಮ್ಮಿದರೆ ಬೂದಿ ಹೋಗುವುದು ಹಳೆಯ ರಬೌಲ್ ಪಟ್ಟಣದ ಮೇಲೆ. 1994ರಲ್ಲಿ ಆದದ್ದೂ ಅದೇ. ಡಿಸೆಂಬರಿನಿಂದ ಮಾರ್ಚಿನವರೆಗೆ ಗಾಳಿ ತಿರುಗಿ ವಾಯವ್ಯದಿಂದ ಬೀಸುತ್ತದೆ; ಆಗ ಬೂದಿ ಕೊಲ್ಲಿ ದಾಟಿ ಕೊಕೊಪೊ ಕಡೆಗೂ, ಅಲ್ಲಿಂದಾಚೆಯ ಟೊಕುವಾ ವಿಮಾನ ನಿಲ್ದಾಣದ ಕಡೆಗೂ ಬರುತ್ತದೆ, ವಿಮಾನಗಳು ನಿಲ್ಲುತ್ತವೆ. ಹಳೆಯ ವಿಮಾನ ನಿಲ್ದಾಣ ಟಾವುರ್ವುರ್‌ನ ಬುಡದಲ್ಲೇ ಇತ್ತು, ಅದು ಈಗ ಬೂದಿಯ ಕೆಳಗಿದೆ. ಆದ್ದರಿಂದ ಊರಿಗೆ ಬರುವ ರಜೆಯನ್ನು ಗೊತ್ತುಮಾಡುವಾಗ, ಮುಖ್ಯವಾಗಿ ಸಂಕ್ರಾಂತಿಯ ಆಸುಪಾಸಿನಲ್ಲಿ ಬರುವುದಾದರೆ, ಎರಡು ದಿನ ಹೆಚ್ಚುವರಿಯಾಗಿ ಇಟ್ಟುಕೊಳ್ಳುವುದು ಜಾಣತನ.

ಬೂದಿ ಬೀಳುವ ದಿನ ಹೇಗಿರುತ್ತದೆಂದರೆ, ಬೆಳಗ್ಗೆ ಎದ್ದಾಗ ಮೊದಲು ಹಲ್ಲಿಗೆ ಗೊತ್ತಾಗುತ್ತದೆ. ಕಿಟಕಿ ಹಾಕಿದ್ದರೂ ಬಾಯಿಯಲ್ಲಿ ಕರಕರ ಎನ್ನುತ್ತದೆ. ಮೇಜಿನ ಮೇಲೆ ಬೆರಳಾಡಿಸಿದರೆ ಗೆರೆ ಮೂಡುತ್ತದೆ. ಒದ್ದೆ ಬಟ್ಟೆಯಿಂದ ಒರೆಸಬೇಕೇ ಹೊರತು ಒಣ ಬಟ್ಟೆಯಿಂದ ಉಜ್ಜಿದರೆ ಪಾಲಿಶು, ಗಾಜು, ಕಂಪ್ಯೂಟರಿನ ಪರದೆ ಎಲ್ಲಕ್ಕೂ ಗೀರು ಬೀಳುತ್ತದೆ. ಕಾರಿನ ವೈಪರನ್ನು ನೀರು ಹಾಕದೆ ಓಡಿಸಿದವನು ಮುಂದಿನ ಗಾಜನ್ನು ಬದಲಿಸಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕುವ ಹುಡುಗನಾದರೆ ಇಲ್ಲಿಂದಲೇ ಎರಡು ಜೊತೆ ಕನ್ನಡಕ ಮಾಡಿಸಿಕೊಂಡು ಹೋಗಲಿ. ಕೋವಿಡ್ ಕಾಲದಲ್ಲಿ ಕೊಂಡ ಎನ್ 95 ಮಾಸ್ಕುಗಳು ಮನೆಯಲ್ಲಿ ಉಳಿದಿದ್ದರೆ ಅವೂ ಪೆಟ್ಟಿಗೆಗೆ ಸೇರಲಿ.

ನೀರಿನ ವಿಚಾರ ಇದಕ್ಕಿಂತ ದೊಡ್ಡದು. ಅಲ್ಲಿ ಬಹಳ ಮನೆಗಳಿಗೆ ಚಾವಣಿಯಿಂದ ಇಳಿದು ತೊಟ್ಟಿಗೆ ಸೇರುವ ಮಳೆನೀರೇ ಕುಡಿಯುವ ನೀರು. ಬೂದಿಯ ಜೊತೆ ಬರುವ ಆಮ್ಲ ತಗಡನ್ನು ತಿನ್ನುತ್ತದೆ, ನೀರಿನ ರುಚಿ ಕೆಡುತ್ತದೆ. ಬೂದಿ ಬೀಳುವ ಸೂಚನೆ ಸಿಕ್ಕ ಕೂಡಲೇ ಚಾವಣಿಯಿಂದ ತೊಟ್ಟಿಗೆ ಬರುವ ಕೊಳವೆಯನ್ನು ಕಳಚಿಬಿಡಬೇಕು. ಚಾವಣಿ ಗುಡಿಸಿ, ಒಂದು ಒಳ್ಳೆಯ ಮಳೆ ಹುಯ್ದು ತೊಳೆದ ಮೇಲೆ ಮತ್ತೆ ಜೋಡಿಸಬೇಕು. ಅಲ್ಲಿನವರಿಗೆ ಇದು ಕೈಗೆ ಹತ್ತಿದ ಕೆಲಸ, ಯಾರೂ ಗಾಬರಿಯಾಗುವುದಿಲ್ಲ.

ಬಂದರು ಇಂದಿಗೂ ರಬೌಲಿನಲ್ಲಿಯೇ ಇರುವುದರಿಂದ ಸಗಟು ವ್ಯಾಪಾರದ ಸಂಸ್ಥೆಯ ಲೆಕ್ಕಿಗನಾಗಿ ತಮ್ಮ ಅಳಿಯ ಕಂಟೈನರುಗಳ ಕಾಗದಕ್ಕೆ ಆಗಾಗ ಅಲ್ಲಿಗೆ ಹೋಗಲೇಬೇಕಾಗುತ್ತದೆ. ಒಂದು ಕಾಲದ ಮುಖ್ಯ ಬೀದಿ ಮ್ಯಾಂಗೋ ಅವೆನ್ಯೂವಿನ ಎರಡೂ ಬದಿಯಲ್ಲಿ ಈಗ ಬೂದಿಯ ಬಯಲು, ಗಿಡಗಂಟಿ, ಅಲ್ಲಲ್ಲಿ ಒಂದು ತಳಪಾಯ. ಟಾವುರ್ವುರ್‌ನ ಬುಡದಲ್ಲಿ ಬಿಸಿನೀರಿನ ಒರತೆಗಳು ಸಮುದ್ರಕ್ಕೆ ಸೇರುವ ಕಡೆ ದಡವೆಲ್ಲ ಕಾವಿಬಣ್ಣ. ಗಂಧಕದ ವಾಸನೆ ಬಟ್ಟೆಗೆ ಹಿಡಿದರೆ ಬೇಗ ಬಿಡುವುದಿಲ್ಲ. ಪಕ್ಕದ ಮಾಟುಪಿಟ್ ದ್ವೀಪದ ಜನ ಆ ಬುಡದ ಬಿಸಿ ಮರಳನ್ನು ಆಳಕ್ಕೆ ತೋಡಿ ಒಂದು ಜಾತಿಯ ಕಾಡುಕೋಳಿಯ ಮೊಟ್ಟೆ ತೆಗೆಯುತ್ತಾರೆ. ಆ ಹಕ್ಕಿ ಕಾವು ಕೂರುವುದಿಲ್ಲ, ಮೊಟ್ಟೆಯನ್ನು ಬಿಸಿ ನೆಲದಲ್ಲಿ ಹೂತು ಹೋಗಿಬಿಡುತ್ತದೆ. ಗುಂಡಿಯೊಳಗೆ ಮನುಷ್ಯ ಪೂರ್ತಿ ಇಳಿದು ತಲೆ ಮಾತ್ರ ಕಾಣುತ್ತಿದ್ದುದನ್ನು ನಾನು ನೋಡಿದ್ದೇನೆ. ಮೊಟ್ಟೆ ನಮ್ಮ ನಾಟಿಕೋಳಿಯದಕ್ಕಿಂತ ಬಹಳ ದೊಡ್ಡದು, ಒಳಗೆಲ್ಲ ಹಳದಿಯೇ ಹೆಚ್ಚು.

ತಂಗಿಯವರಿಗೆ ಇದನ್ನೂ ಹೇಳಿ: ಅಲ್ಲಿ ಆ ಬೆಟ್ಟಕ್ಕಿಂತ ಮೊದಲು ಹೆದರಬೇಕಾದದ್ದು ಸೊಳ್ಳೆಗೆ. ಮಲೇರಿಯಾ ವರ್ಷವಿಡೀ ಇರುತ್ತದೆ. ಹೊರಡುವ ಮೊದಲೇ ವೈದ್ಯರನ್ನು ಕಂಡು ಮಾತ್ರೆಯ ವಿಚಾರ ತೀರ್ಮಾನಿಸಿಕೊಳ್ಳಲಿ, ಸೊಳ್ಳೆಪರದೆಯನ್ನು ಇಲ್ಲಿಂದಲೇ ಒಯ್ಯಲಿ. ಎರಡನೆಯದು ಭೂಕಂಪ. 2000ದ ನವೆಂಬರಿನಲ್ಲಿ ಪಕ್ಕದ ನ್ಯೂ ಐರ್ಲೆಂಡ್ ಬಳಿ 8.0ರ ಪ್ರಮಾಣದ್ದು, 2015ರ ಮಾರ್ಚಿನಲ್ಲಿ ಕೊಕೊಪೊಗೆ ಹತ್ತಿರವೇ 7.5ರದು ಆಗಿವೆ, ಸಣ್ಣಪುಟ್ಟವನ್ನು ಅಲ್ಲಿ ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಜ್ವಾಲಾಮುಖಿಗೆ ಮೂರನೆಯ ಸ್ಥಾನ ಕೊಡುತ್ತೇನೆ ನಾನು.

ಉತ್ತರ
ಬರೆದವರು: ಕುವೆಂಪುನಗರದ ಓದುಗಿ

ಹಿರಿಯರಿಬ್ಬರ ಬರಹವೂ ಚೆನ್ನಾಗಿದೆ, ಆದರೆ ಒಂದು ಆಕ್ಷೇಪವನ್ನು ದಾಖಲಿಸಬೇಕೆನಿಸಿತು. 1994ರಲ್ಲಿ ಐವರೇ ಸತ್ತರೆಂಬುದನ್ನು ಮುನ್ಸೂಚನೆಯ ಗೆಲುವು ಎಂದು ಓದಿಕೊಳ್ಳುವ ಅಪಾಯವಿದೆ. ಆ ಸಲ ಸ್ಪಷ್ಟವಾದ ಸೂಚನೆ ಸಿಕ್ಕಿದ್ದು ಸ್ಫೋಟಕ್ಕೆ ಬರೀ 27 ಗಂಟೆ ಮೊದಲು. ಸೆಪ್ಟೆಂಬರ್ 18ರ ನಸುಕಿನಲ್ಲಿ ನೆಲ ಬಲವಾಗಿ ನಡುಗಿದ ಮೇಲೆ ಅದು ನಿಲ್ಲಲೇ ಇಲ್ಲ. ಆ ರಾತ್ರಿ ಜನ ಅಧಿಕೃತ ಆದೇಶಕ್ಕೆ ಕಾಯದೆ ತಾವಾಗಿ ಊರು ಬಿಡತೊಡಗಿದರು. ಅವರಲ್ಲಿ 1937ನ್ನು ಕಂಡಿದ್ದ ವೃದ್ಧರಿದ್ದರು. ಮೇಲಾಗಿ 1983ರಿಂದ 1985ರವರೆಗೆ ಅದೇ ಕೊಲ್ಲಿಯಲ್ಲಿ ಒಂದು ಹಂತದಲ್ಲಿ ತಿಂಗಳಿಗೆ ಹತ್ತು ಸಾವಿರಕ್ಕೂ ಹೆಚ್ಚು ಕಂಪನಗಳು ದಾಖಲಾಗಿ, ಎಚ್ಚರಿಕೆಯ ಮಟ್ಟ ಏರಿಸಿ, ಹೊರಹೋಗುವ ದಾರಿಗಳನ್ನು ಗೊತ್ತುಮಾಡಿ, ಜನರಿಗೆ ತಾಲೀಮು ಕೊಡಲಾಗಿತ್ತು. ವಿಚಿತ್ರವೆಂದರೆ ಆಗ ಬೆಟ್ಟ ಸಿಡಿಯಲೇ ಇಲ್ಲ. ಎರಡು ವರ್ಷ ಗದ್ದಲ ಮಾಡಿ ಸುಮ್ಮನಾದದ್ದು, ಹತ್ತು ವರ್ಷದ ನಂತರ ಒಂದೇ ದಿನದ ಸೂಚನೆ ಕೊಟ್ಟು ಸಿಡಿಯಿತು. ಇಂಥದ್ದರ ಮೇಲೆ ಭರವಸೆ ಇಡುವಾಗ ಸ್ವಲ್ಪ ಹಿಡಿದು ಮಾತಾಡಬೇಕು.

ಇನ್ನೊಂದು, ಕಡಲಂಚಿನ ಜ್ವಾಲಾಮುಖಿ ಎಂದಾಗ ಕಡಲನ್ನು ಮರೆಯಬಾರದು. 2018ರ ಡಿಸೆಂಬರ್ 22ರ ರಾತ್ರಿ ಇಂಡೊನೇಷ್ಯಾದ ಅನಕ್ ಕ್ರಕಟಾವಿನ ಒಂದು ಮಗ್ಗುಲು ಸಮುದ್ರಕ್ಕೆ ಕುಸಿದು ಎದ್ದ ಸುನಾಮಿಯಿಂದ ಜಾವಾ ಮತ್ತು ಸುಮಾತ್ರಾ ತೀರಗಳಲ್ಲಿ ನಾನೂರಕ್ಕೂ ಹೆಚ್ಚು ಜನ ಸತ್ತರು. ಮುನ್ನೆಚ್ಚರಿಕೆ ಕೊಡುವಂಥ ದೊಡ್ಡ ಭೂಕಂಪ ಅಲ್ಲಿ ಆಗಿರಲಿಲ್ಲ. ನ್ಯೂ ಬ್ರಿಟನ್ನಿನ ಪಶ್ಚಿಮ ತುದಿಯ ಹತ್ತಿರ ರಿಟರ್ ಎಂಬ ದ್ವೀಪ 1888ರಲ್ಲಿ ಹೀಗೆಯೇ ಕುಸಿದು ಸುನಾಮಿ ಎಬ್ಬಿಸಿತ್ತು. ರಬೌಲಿನಲ್ಲಿಯೂ 1937 ಮತ್ತು 1994ರಲ್ಲಿ ಕೊಲ್ಲಿಯೊಳಗೆ ಸುನಾಮಿ ಅಲೆಗಳು ಎದ್ದಿದ್ದವು. ಬೂದಿಯನ್ನು ಗುಡಿಸಬಹುದು, ಇದನ್ನು ಗುಡಿಸಲಾಗದು.

ಉತ್ತರ
ಬರೆದವರು: ಕಲ್ಲು ಮಣ್ಣು, ಮೈಸೂರು

ಓದುಗಿಯವರ ಆಕ್ಷೇಪಕ್ಕೆ ನನ್ನ ಒಪ್ಪಿಗೆ ಮುಕ್ಕಾಲು ಪಾಲು ಇದೆ. 27 ಗಂಟೆ ಎಂಬುದು ಕಡಿಮೆಯೇ. ಉಳಿದ ಕಾಲು ಪಾಲಿನ ಬಗ್ಗೆ ಹೇಳುವುದಾದರೆ, ಆ 27 ಗಂಟೆ ಸಾಲುವಂತೆ ಮಾಡಿದ್ದು ಅವರೇ ಹೇಳಿದ ಎಂಬತ್ತರ ದಶಕದ ತಾಲೀಮು. ಬೆಟ್ಟ ಆಗ ಸಿಡಿಯದೇ ಹೋದದ್ದರಿಂದ ಸಿದ್ಧತೆ ವ್ಯರ್ಥವಾಯಿತೆಂದು ಎಷ್ಟೋ ಜನ ಗೊಣಗಿರಲೂಬಹುದು. ಆದರೆ ಯಾವ ರಸ್ತೆ ಹಿಡಿಯಬೇಕು, ಎಲ್ಲಿ ಸೇರಬೇಕು ಎಂಬುದು ಊರಿಗೆಲ್ಲ ಬಾಯಿಪಾಠವಾಗಿತ್ತು. 1937ರ ನಂತರ ಸ್ಥಾಪನೆಯಾದ ರಬೌಲ್ ಜ್ವಾಲಾಮುಖಿ ವೀಕ್ಷಣಾಲಯ ಇಂದಿಗೂ ಪಟ್ಟಣದ ಮೇಲಿನ ದಿಣ್ಣೆಯಲ್ಲಿ ಕೆಲಸ ಮಾಡುತ್ತಿದೆ. ಕಂಪನ, ನೆಲದ ಓರೆ, ನೆಲದ ಏರಿಳಿತ ಇವನ್ನು ಅಳೆಯುವುದೇ ಅವರ ಕಾಯಕ. ಮಾಟುಪಿಟ್ ದ್ವೀಪದ ದಕ್ಷಿಣ ತುದಿ ಎಪ್ಪತ್ತರ ದಶಕದ ಆರಂಭದಿಂದ ಎಂಬತ್ತರ ದಶಕದ ನಡುವಿನವರೆಗೆ ಒಂದೂವರೆ ಮೀಟರಿಗೂ ಹೆಚ್ಚು ಮೇಲೆದ್ದಿತ್ತು; 1994ರಲ್ಲಿ ವಲ್ಕನ್ ಬಳಿಯ ದಡ ಸ್ಫೋಟಕ್ಕೆ ಮುಂಚೆ ಒಂದೇ ರಾತ್ರಿಯಲ್ಲಿ ಹಲವು ಮೀಟರ್ ಎದ್ದು, ನೀರಿನಲ್ಲಿದ್ದ ನೆಲ ಬಯಲಿಗೆ ಬಂತು. ಉಪಕರಣವಿಲ್ಲದವನ ಕಣ್ಣಿಗೂ ಬೀಳುವಂಥ ಸೂಚನೆ ಅದು. ದಡದಲ್ಲಿ ನೀರು ಇದ್ದಕ್ಕಿದ್ದಂತೆ ಹಿಂದೆ ಸರಿದರೆ, ಕಾರಣ ನೆಲ ಏಳುತ್ತಿರುವುದಾಗಿರಲಿ ಸುನಾಮಿಯಾಗಿರಲಿ, ನೋಡುತ್ತ ನಿಲ್ಲದೆ ಎತ್ತರಕ್ಕೆ ಓಡಬೇಕು. ಹುಡುಗನಿಗೆ ಇದನ್ನು ಅಲ್ಲಿಗೆ ಹೋಗುವ ಮೊದಲೇ ಹೇಳಿಕೊಡಿ.

ಸುನಾಮಿಯ ಮಟ್ಟಿಗೆ ಅವರ ಮಾತು ಪೂರ್ತಿ ಸರಿ.

ಪ್ರಶ್ನೆ ಕೇಳಿದವರ ಮರುಬರಹ
ಬರೆದವರು: ಮಂಡ್ಯದ ಮೇಷ್ಟ್ರು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಮದ್ದೂರಿಗೆ ಹೋಗಿ ತಂಗಿಗೆ ಓದಿ ಹೇಳಿದೆ. ಸೊಳ್ಳೆಯ ವಿಚಾರ ಕೇಳಿ ಅವಳಿಗೆ ಒಂದು ರೀತಿಯ ಸಮಾಧಾನವೇ ಆಯಿತು, ಏಕೆಂದರೆ ಸೊಳ್ಳೆಪರದೆಯನ್ನು ಅವಳು ಕೊಂಡು ಕೊಡಬಲ್ಲಳು. ಭಾವನವರು ಮಾತ್ರ ಬೇರೆ ಪ್ರಶ್ನೆಗಳನ್ನು ಎತ್ತಿದ್ದಾರೆ. ಇಷ್ಟೆಲ್ಲ ಆಗಿಯೂ ಅಲ್ಲಿಯ ಜನ ಆ ನೆಲ ಬಿಟ್ಟು ಬೇರೆ ಕಡೆಗೆ ಏಕೆ ಹೋಗಿಲ್ಲ? ಸಂಸ್ಥೆಯವರು ಕೊಡುವ ಮನೆಯಲ್ಲಿ ಏನನ್ನು ನೋಡಿ ಒಪ್ಪಿಕೊಳ್ಳಬೇಕು? ಅವರದೇ ಇನ್ನೊಂದು ಅನುಮಾನ: ಚಾಮುಂಡಿ ಬೆಟ್ಟವೂ ಹಿಂದೆ ಜ್ವಾಲಾಮುಖಿಯಾಗಿತ್ತೆಂದು ಯಾರೋ ಹೇಳಿದ್ದಾರಂತೆ, ಅದು ನಿಜವೇ?

ಉತ್ತರ
ಬರೆದವರು: ನಾಲೆಯ ಕೊನೆಭಾಗದ ರೈತ, ಮಂಡ್ಯ

ಮೊದಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಕೃಷಿ ಓದಿಕೊಂಡು ಬೇಸಾಯ ಮಾಡುತ್ತಿರುವವನಾದ್ದರಿಂದ ಆ ದ್ವೀಪದ ಮಣ್ಣಿನ ಬಗ್ಗೆ ನನಗೆ ಹಿಂದಿನಿಂದಲೂ ಕುತೂಹಲ. ಹೊಸದಾಗಿ ಬಿದ್ದ ದಪ್ಪ ಬೂದಿ ಬೆಳೆಯನ್ನು ಕೊಲ್ಲುತ್ತದೆ, ಎಲೆಯನ್ನು ಸುಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ತೆಳುವಾಗಿ ಬಿದ್ದು ವರ್ಷಗಟ್ಟಲೆ ಮಳೆಗೆ ಮಾಗಿದ ಬೂದಿಯಿಂದ ಆಗುವ ಮಣ್ಣು ಬಿಡಿಬಿಡಿಯಾಗಿ, ಆಳವಾಗಿ, ನೀರನ್ನು ಹಿಡಿದಿಟ್ಟುಕೊಂಡರೂ ಬೇರು ಕೊಳೆಯಿಸದಂತೆ ಇರುತ್ತದೆ. ಪೊಟ್ಯಾಶಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಅದರಲ್ಲಿ ನಿಧಾನವಾಗಿ ಬಿಡುಗಡೆಯಾಗುತ್ತವೆ. ತೆಂಗು ಮತ್ತು ಕೋಕೊ ಅಲ್ಲಿಯ ಪ್ರಧಾನ ಬೆಳೆಗಳಾಗಿದ್ದಕ್ಕೆ ಈ ಮಣ್ಣೇ ಆಧಾರ. ಅಲ್ಲಿನ ಟೊಲಾಯಿ ಜನರಿಗೆ ಜಮೀನು ತಾಯಿಯ ಕಡೆಯಿಂದ ಬರುತ್ತದೆ, ಕುಲದ ಆಸ್ತಿ. ಸರ್ಕಾರ ಬೇರೆ ಕಡೆ ನಿವೇಶನ ಕೊಟ್ಟಿತೆಂದು ಅದನ್ನು ಬಿಟ್ಟು ಹೋಗುವುದು ಸುಲಭವಲ್ಲ. ಕನ್ನಂಬಾಡಿ ಅಣೆಕಟ್ಟೆಗಾಗಿ ಊರು ಬಿಟ್ಟವರ ಮೊಮ್ಮಕ್ಕಳು ಇಂದಿಗೂ ಹಳೆಯ ಊರಿನ ಹೆಸರು ಹೇಳುವ ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನನ್ನ ಮಟ್ಟಿಗೆ ಸೋಜಿಗವೆಂದರೆ, ಆ ಭಾಗದ ಕೋಕೊ ಬೆಳೆಗಾರರನ್ನು ನೆಲಕಚ್ಚಿಸಿದ್ದು ಜ್ವಾಲಾಮುಖಿಯಲ್ಲ, ಕಾಯಿ ಕೊರೆಯುವ ಒಂದು ಹುಳು. 2006ರಲ್ಲಿ ಅಲ್ಲಿ ಕಾಣಿಸಿಕೊಂಡ ಅದು ಕೆಲವೇ ವರ್ಷಗಳಲ್ಲಿ ಇಳುವರಿಯನ್ನು ಪಾತಾಳಕ್ಕೆ ಇಳಿಸಿತು. ಬೂದಿ ಬಿದ್ದ ತೋಟ ಚೇತರಿಸಿಕೊಂಡಿತ್ತು. ಹುಳು ಬಿದ್ದ ತೋಟವನ್ನು ಮಾತ್ರ ಎಷ್ಟೋ ಜನ ಹಾಗೆಯೇ ಕೈಬಿಟ್ಟರು, ಏಕೆಂದರೆ ವಾರವಾರವೂ ಕಾಯಿ ಕಿತ್ತು, ಸಿಪ್ಪೆ ಹೂತು, ಮರ ಸವರುವ ಕೆಲಸಕ್ಕೆ ಬಿಡುವೇ ಇಲ್ಲ.

ಉತ್ತರ
ಬರೆದವರು: ಕಲ್ಲು ಮಣ್ಣು, ಮೈಸೂರು

ಭಾವನವರಿಗೆ ತಿಳಿಸಿ: ಚಾಮುಂಡಿ ಬೆಟ್ಟ ಜ್ವಾಲಾಮುಖಿಯಲ್ಲ. ಅದು ಗ್ರಾನೈಟು, ನೆಲದ ಆಳದಲ್ಲಿಯೇ ಶಿಲಾರಸ ನಿಧಾನವಾಗಿ ಆರಿ ಹರಳುಗಟ್ಟಿ, ಕೋಟ್ಯಂತರ ವರ್ಷಗಳಲ್ಲಿ ಮೇಲಿನ ಹೊದಿಕೆ ಸವೆದ ಮೇಲೆ ಹೊರಗೆ ಕಂಡದ್ದು. ನಂದಿಯನ್ನು ಕಡೆದ ಬಂಡೆಯಲ್ಲಿ ಕಣ್ಣಿಗೆ ಕಾಣುವಷ್ಟು ದೊಡ್ಡ ಹರಳುಗಳಿರುವುದು ಆ ನಿಧಾನದಿಂದಲೇ. ಕರ್ನಾಟಕದ ಕಡಲಂಚಿನಲ್ಲಿ ಲಾವಾ ಹೆಪ್ಪುಗಟ್ಟಿದ್ದನ್ನು ನೋಡಬೇಕೆಂದರೆ ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳಿಗೆ ಹೋಗಬೇಕು. ಅಲ್ಲಿನ ಕಲ್ಲುಕಂಬಗಳು ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುತ್ತಿದ್ದ ಕಾಲದವು, ಸುಮಾರು 8.8 ಕೋಟಿ ವರ್ಷ ಹಳೆಯವು, ಅವು ಮತ್ತೆ ಸಿಡಿಯುವ ಪ್ರಶ್ನೆಯೇ ಇಲ್ಲ. ಭಾರತದ ಭೂಪ್ರದೇಶದಲ್ಲಿ ಈಗಲೂ ಚಟುವಟಿಕೆಯಲ್ಲಿರುವುದು ಅಂಡಮಾನಿನ ಬ್ಯಾರನ್ ದ್ವೀಪವೊಂದೇ. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಸುಮ್ಮನಿದ್ದು 1991ರಲ್ಲಿ ಮತ್ತೆ ಎಚ್ಚೆತ್ತಿತು. ಅಲ್ಲಿ ಜನವಸತಿ ಇಲ್ಲ, ಹಾಗಾಗಿ ಸುದ್ದಿಯೂ ಇಲ್ಲ.

ಉತ್ತರ
ಬರೆದವರು: ದ್ವೀಪದಿಂದ ಮರಳಿದವನು, ವಿಜಯನಗರ, ಮೈಸೂರು

ಮನೆಯ ಬಗ್ಗೆ ನಾನು ಹೇಳುತ್ತೇನೆ. ಕೊಕೊಪೊದಲ್ಲಿ ಕಡಲಿಗೆ ಅಂಟಿಕೊಂಡ ರಸ್ತೆಯಿದೆ, ಅದರ ಹಿಂದೆ ಎತ್ತರದ ದಿಬ್ಬವಿದೆ. ಮನೆ ದಿಬ್ಬದ ಮೇಲಿರಲಿ. ಓದುಗಿಯವರು ಎತ್ತಿದ ಸುನಾಮಿಯ ಮಾತಿಗೆ ಇದಕ್ಕಿಂತ ಸರಳವಾದ ಪರಿಹಾರ ನನಗೆ ತೋಚುವುದಿಲ್ಲ. ಕಡಲು ಕಾಣುವ ಮನೆ ಎಂದು ಹೊಗಳಿ ಕೆಳಗಿನದನ್ನು ತೋರಿಸಿದರೆ, ವಿನಯದಿಂದಲೇ ಮೇಲಿನದನ್ನು ಕೇಳಲಿ. ಒಂಟಿ ಹುಡುಗ ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ.

ಚಾವಣಿ ಇಳಿಜಾರಾಗಿರಬೇಕು. ನಮ್ಮ ಕಡೆಯ ಆರ್‌ಸಿಸಿ ತಾರಸಿ ಅಲ್ಲಿ ಕಡಿಮೆ, ಹೆಚ್ಚಿನವು ತಗಡಿನವು. ತಗಡಿನಲ್ಲಿ ತುಕ್ಕಿನ ಚುಕ್ಕಿಗಳಿವೆಯೇ, ಮೊಳೆ ಹೊಡೆದ ಕಡೆ ತೂತು ದೊಡ್ಡದಾಗಿದೆಯೇ ಎಂದು ನೋಡಲಿ. ಚಾವಣಿಯ ಅಂಚಿನ ದೋಣಿಗೆ ಏಣಿ ಹಾಕಿ ಹತ್ತಲು ಜಾಗವಿದೆಯೇ ಎಂಬುದೂ ಮುಖ್ಯ, ಏಕೆಂದರೆ ಬೂದಿ ತುಂಬಿದ ದೋಣಿ ಮೊದಲು ಕಿತ್ತುಕೊಂಡು ಬೀಳುತ್ತದೆ. ಆದರೆ ಬೂದಿ ಗುಡಿಸಲು ಅವನು ಒಬ್ಬನೇ ಸೂರು ಹತ್ತುವುದು ಬೇಡ. ಒದ್ದೆಯಾದ ಬೂದಿ ವಿಪರೀತ ಜಾರುತ್ತದೆ. ಮಳೆ ಬರುವುದರೊಳಗೆ, ಹಗಲಿನಲ್ಲಿ, ಕೆಳಗೆ ಒಬ್ಬರು ನಿಂತಿರುವಾಗ ಮಾಡುವ ಕೆಲಸ ಅದು. ನೆನೆದ ಬೂದಿಯಲ್ಲಿ ವಿದ್ಯುತ್ ಹರಿಯುವುದರಿಂದ ಮನೆಗೆ ಬರುವ ತಂತಿಯ ಹತ್ತಿರ ಕೈ ಹಾಕಬಾರದು.

ತೊಟ್ಟಿಗೆ ಮುಚ್ಚಳ ಭದ್ರವಾಗಿರಲಿ, ಮೇಲಿನಿಂದ ಬರುವ ಕೊಳವೆ ಕೈಯಿಂದ ಕಳಚುವಂತಿರಲಿ, ನಲ್ಲಿ ತಳಕ್ಕೆ ಅಂಟದೆ ಒಂದು ಗೇಣು ಮೇಲಿರಲಿ. ಕೆಳಗೆ ಕೂತ ಬೂದಿ ಕದಡದೆ ಮೇಲಿನ ತಿಳಿನೀರು ಸಿಗುತ್ತದೆ.

ಕೆಲಸದ ಕರಾರಿನ ಬಗ್ಗೆ ಒಂದು ಮಾತು. ಬೂದಿಯಿಂದ ವಿಮಾನ ನಿಂತು ರಜೆ ಮುಗಿದ ಮೇಲೆ ತಡವಾಗಿ ಬಂದರೆ ಸಂಬಳ ಹಿಡಿಯುತ್ತಾರೆಯೇ, ಊರು ತೆರವು ಮಾಡಬೇಕಾಗಿ ಬಂದರೆ ಸಿಬ್ಬಂದಿಯನ್ನು ಎಲ್ಲಿಗೆ, ಯಾರ ಖರ್ಚಿನಲ್ಲಿ ಕರೆದೊಯ್ಯುತ್ತಾರೆ, ವಿಮೆಯಲ್ಲಿ ಜ್ವಾಲಾಮುಖಿ ಮತ್ತು ಭೂಕಂಪವನ್ನು ಹೊರಗಿಟ್ಟಿದ್ದಾರೆಯೇ ಎಂಬ ಮೂರನ್ನೂ ಸಹಿ ಹಾಕುವ ಮೊದಲೇ ಬರಹದಲ್ಲಿ ಕೇಳಿ ಪಡೆದುಕೊಳ್ಳಲಿ. ಪಾಸ್‌ಪೋರ್ಟು, ಕೆಲಸದ ಪರವಾನಗಿ, ಒಂದಿಷ್ಟು ನಗದು, ಟಾರ್ಚು, ನೀರಿನ ಬಾಟಲಿ ಇರುವ ಒಂದು ಚೀಲ ಬಾಗಿಲ ಹಿಂದೆ ಸದಾ ತೂಗುಹಾಕಿರಲಿ. ಅಲ್ಲಿ ನಾನು ಬಾಡಿಗೆಗಿದ್ದ ಮನೆಯ ಯಜಮಾನಿ, ನಾನು ಮನೆ ಸೇರಿದ ದಿನ ಕೀಲಿಕೈ ಕೊಡುವ ಮೊದಲು ಆ ಚೀಲ ಎಲ್ಲಿದೆ ಎಂದು ಕೇಳಿದ್ದರು. ಇಲ್ಲವೆಂದಾಗ ಒಳಗೆ ಹೋಗಿ ಅಕ್ಕಿಯ ಖಾಲಿ ಚೀಲವೊಂದನ್ನು ತಂದು ಕೊಟ್ಟು, ಸಂಜೆಯೊಳಗೆ ತುಂಬಿಸಿಡಬೇಕೆಂದು ಹೇಳಿದರು.